ಮೂಲವರ್ಣಗಳಿಂದ ಕೊಡಗಿನ ಹಸಿರಿನವರೆಗೆ: ಬಣ್ಣ ಬೆರೆಸುವ ಕ್ರಮ

ಕೆಂಪು, ಹಳದಿ, ನೀಲಿ ಎಂಬ ಮೂರು ಮೂಲವರ್ಣಗಳಿಂದ ಉಳಿದ ಬಣ್ಣಗಳನ್ನೆಲ್ಲ ಮಾಡಿಕೊಳ್ಳಬಹುದು ಎಂದು ಪ್ರಾಥಮಿಕ ಶಾಲೆಯಲ್ಲಿಯೇ ಹೇಳಿಕೊಡುತ್ತಾರೆ. ಆ ಮಾತನ್ನು ನಂಬಿ ಕೈಗೆ ಸಿಕ್ಕಿದ ಕೆಂಪಿಗೆ ಕೈಗೆ ಸಿಕ್ಕಿದ ನೀಲಿಯನ್ನು ಬೆರೆಸಿದ ಮಗುವಿಗೆ ನೇರಳೆ ಬರುವುದಿಲ್ಲ, ಮಸುಕಾದ ಕಂದು ಬರುತ್ತದೆ. ಅಲ್ಲಿಗೆ ಮಗು ಬೆರೆಸುವುದನ್ನು ಬಿಟ್ಟು, ಪೆಟ್ಟಿಗೆಯಲ್ಲಿರುವ ಸಿದ್ಧ ನೇರಳೆ ಮತ್ತು ಸಿದ್ಧ ಹಸಿರನ್ನೇ ನೆಚ್ಚಿಕೊಳ್ಳುತ್ತದೆ. ಕೊಡಗಿನಲ್ಲಿ ಚಿತ್ರ ಬರೆಯುವವರಿಗೆ ಇದು ದೊಡ್ಡ ನಷ್ಟ. ಏಕೆಂದರೆ ನಮ್ಮ ಸುತ್ತಲಿನ ತೋಟ, ಗದ್ದೆ, ದೇವರಕಾಡುಗಳ ಹಸಿರುಗಳಲ್ಲಿ ಒಂದೂ ಟ್ಯೂಬಿನೊಳಗೆ ಸಿದ್ಧವಾಗಿ ಸಿಗುವುದಿಲ್ಲ. ಅವುಗಳನ್ನು ಪ್ಯಾಲೆಟ್ಟಿನ ಮೇಲೆ ನಾವೇ ಮಾಡಿಕೊಳ್ಳಬೇಕು.

ಶಾಲೆಯ ಪಾಠದಲ್ಲಿ ಬಿಟ್ಟುಹೋದ ಒಂದೇ ಒಂದು ಸಂಗತಿಯನ್ನು ತಿಳಿದುಕೊಂಡರೆ ಈ ಕೆಲಸ ಸುಲಭವಾಗುತ್ತದೆ. ಅಂಗಡಿಯಲ್ಲಿ ಸಿಗುವ ಯಾವ ಕೆಂಪೂ ಬರಿಯ ಕೆಂಪಲ್ಲ; ಅದು ಹಳದಿಯ ಕಡೆಗೆ ಅಥವಾ ನೀಲಿಯ ಕಡೆಗೆ ಸ್ವಲ್ಪ ಒಲಿದಿರುತ್ತದೆ. ಹಳದಿಗೂ ನೀಲಿಗೂ ಇದೇ ಮಾತು ಸಲ್ಲುತ್ತದೆ. ಈ ಒಲವನ್ನು ನೋಡಿ ಜೋಡಿ ಮಾಡಿದರೆ ಬಣ್ಣ ಹೊಳೆಯುತ್ತದೆ, ನೋಡದೆ ಬೆರೆಸಿದರೆ ಮಂಕಾಗುತ್ತದೆ. ಹೊಳಪು ಮತ್ತು ಮಂಕು ಎರಡೂ ಬೇಕಾದಾಗ ಬೇಕಾದಷ್ಟು ಬರುವಂತೆ ಮಾಡಿಕೊಳ್ಳುವ ಕ್ರಮವನ್ನು ಮುಂದೆ ಹಂತಹಂತವಾಗಿ ವಿವರಿಸಿದ್ದೇನೆ.

ಬೇಕಾಗುವ ಸಾಮಗ್ರಿ

ಜಲವರ್ಣದ ಅಥವಾ ಪೋಸ್ಟರ್ ಕಲರಿನ ಆರು ಬಣ್ಣಗಳು ಸಾಕು. ಹಳದಿಯಲ್ಲಿ ಲೆಮನ್ ಯೆಲ್ಲೋ ಮತ್ತು ಕ್ರೋಮ್ ಯೆಲ್ಲೋ, ಕೆಂಪಿನಲ್ಲಿ ವರ್ಮಿಲಿಯನ್ ಮತ್ತು ಕ್ರಿಮ್ಸನ್, ನೀಲಿಯಲ್ಲಿ ಪ್ರಶ್ಯನ್ ಬ್ಲೂ ಮತ್ತು ಅಲ್ಟ್ರಾಮರೀನ್ ಇರಲಿ. ಪೋಸ್ಟರ್ ಕಲರ್ ಬಳಸುವವರು ಬಿಳಿಯ ಒಂದು ಸೀಸೆಯನ್ನೂ ಇಟ್ಟುಕೊಳ್ಳಬೇಕು. ಕಪ್ಪು ಬಣ್ಣವನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲಿಯೇ ಬಿಡಿ. ಕಲಿಯುವವರ ಕೈಗೆ ಮೊದಲ ವರ್ಷ ಕಪ್ಪನ್ನು ಕೊಡಲೇಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ, ಅದರ ಕಾರಣ ಮುಂದೆ ತಾನಾಗಿಯೇ ಸ್ಪಷ್ಟವಾಗುತ್ತದೆ.

ಟ್ಯೂಬಿನ ಮೇಲಿರುವ ಹೆಸರು ಒಳಗಿರುವ ವರ್ಣದ್ರವ್ಯವನ್ನು ಯಾವಾಗಲೂ ತಿಳಿಸುವುದಿಲ್ಲ. ವರ್ಮಿಲಿಯನ್ ಎಂಬುದು ಮೊದಲು ಪಾದರಸ ಮತ್ತು ಗಂಧಕದ ಸಂಯುಕ್ತವಾಗಿತ್ತು, ಕ್ರೋಮ್ ಯೆಲ್ಲೋ ಸೀಸದಿಂದ ಮಾಡಿದ್ದಾಗಿತ್ತು. ವಿದ್ಯಾರ್ಥಿಗಳ ಪೆಟ್ಟಿಗೆಯಲ್ಲಿ ಈಗ ಆ ಹೆಸರುಗಳಡಿ ಸಾಮಾನ್ಯವಾಗಿ ಬೇರೆ ದ್ರವ್ಯಗಳಿರುತ್ತವೆ. ಒಳ್ಳೆಯ ತಯಾರಕರು ಟ್ಯೂಬಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಸಂಕೇತವನ್ನು ಮುದ್ರಿಸಿರುತ್ತಾರೆ. ಪಿಬಿ 29 ಎಂದಿದ್ದರೆ ಅಲ್ಟ್ರಾಮರೀನ್, ಪಿಬಿ 27 ಎಂದಿದ್ದರೆ ಪ್ರಶ್ಯನ್ ಬ್ಲೂ, ಪಿಬಿ 15 ಎಂದಿದ್ದರೆ ಥ್ಯಾಲೋ ಬ್ಲೂ ಎಂದು ತಿಳಿಯಬೇಕು. ಪ್ರಶ್ಯನ್ ಸಿಗದಿದ್ದರೆ ಥ್ಯಾಲೋ ಅದರ ಸ್ಥಾನದಲ್ಲಿ ಚೆನ್ನಾಗಿಯೇ ನಿಲ್ಲುತ್ತದೆ.

ಉಳಿದಂತೆ ಒಂದು ಬಿಳಿಯ ಪಿಂಗಾಣಿ ತಟ್ಟೆ, ಎರಡು ಲೋಟ ನೀರು, ಹಳೆಯ ಹತ್ತಿಬಟ್ಟೆಯ ತುಂಡು, ಒಂದು ದುಂಡು ಕುಂಚ ಮತ್ತು ದಪ್ಪ ಕಾಗದ ಬೇಕು. ಒಂದು ಲೋಟ ಕುಂಚ ತೊಳೆಯಲು, ಇನ್ನೊಂದು ಬಣ್ಣಕ್ಕೆ ಬೆರೆಸಲು. ಇವೆರಡನ್ನು ಬೇರೆಬೇರೆಯಾಗಿ ಇಡದಿದ್ದರೆ ಹಳದಿ ಕೆಡುತ್ತದೆ, ಹಳದಿ ಕೆಟ್ಟರೆ ಹಸಿರೂ ಕಿತ್ತಳೆಯೂ ಕೆಡುತ್ತವೆ. ಮಳೆಗಾಲದಲ್ಲಿ ನಮ್ಮಲ್ಲಿ ತೆಳು ಡ್ರಾಯಿಂಗ್ ಶೀಟು ಗಾಳಿಯ ತೇವಕ್ಕೇ ಮೆತ್ತಗಾಗಿ ಅಲೆಅಲೆಯಾಗುವುದರಿಂದ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದವೇ ಉತ್ತಮ.

ಮೊದಲ ಹಂತ: ಒಲವನ್ನು ಗುರುತಿಸುವುದು

ಆರು ಬಣ್ಣಗಳನ್ನೂ ಕಾಗದದ ಮೇಲೆ ಸಾಲಾಗಿ ಹಚ್ಚಿ. ಪ್ರತಿಯೊಂದನ್ನೂ ಮೇಲೆ ದಟ್ಟವಾಗಿ ಹಚ್ಚಿ, ಕೆಳಗೆ ಬರುತ್ತ ನೀರು ಸೇರಿಸಿ ತೆಳುವಾಗಿಸಬೇಕು. ದಟ್ಟವಾಗಿರುವಾಗ ಪ್ರಶ್ಯನ್ ಮತ್ತು ಅಲ್ಟ್ರಾಮರೀನ್ ಎರಡೂ ಕಡುನೀಲಿಯಾಗಿಯೇ ಕಾಣಬಹುದು. ತೆಳುವಾದಲ್ಲಿ ಪ್ರಶ್ಯನ್ ಹಸಿರಿನ ಕಡೆಗೂ ಅಲ್ಟ್ರಾಮರೀನ್ ನೇರಳೆಯ ಕಡೆಗೂ ಒಲಿಯುವುದು ಕಣ್ಣಿಗೆ ಬೀಳುತ್ತದೆ. ಕ್ರಿಮ್ಸನ್ ತೆಳುವಾದಾಗ ನೀಲಿ ಸೋಂಕಿದ ಗುಲಾಬಿಯಾಗುತ್ತದೆ, ವರ್ಮಿಲಿಯನ್ ತೆಳುವಾದಾಗ ಹವಳದ ಬಣ್ಣಕ್ಕೆ ತಿರುಗುತ್ತದೆ. ಲೆಮನ್ ಯೆಲ್ಲೋ ಹಸಿರಿನ ಕಡೆಗಿರುತ್ತದೆ, ಕ್ರೋಮ್ ಯೆಲ್ಲೋ ಕಿತ್ತಳೆಯ ಕಡೆಗಿರುತ್ತದೆ. ಪ್ರತಿ ಪಟ್ಟಿಯ ಕೆಳಗೂ ಪೆನ್ಸಿಲಿನಲ್ಲಿ ಹೆಸರು, ಸಂಕೇತ ಮತ್ತು ಒಲವನ್ನು ಬರೆದಿಡಿ.

ಎರಡನೆಯ ಹಂತ: ಜೋಡಿಗಳನ್ನು ಬೆರೆಸುವುದು

ಎರಡು ಮೂಲವರ್ಣಗಳು ಸೇರಿದಾಗ ಹುಟ್ಟುವ ಕಿತ್ತಳೆ, ಹಸಿರು, ನೇರಳೆಗಳನ್ನು ದ್ವಿತೀಯ ವರ್ಣಗಳೆನ್ನುತ್ತೇವೆ. ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಯಾವಾಗಲೂ ತಿಳಿಬಣ್ಣವನ್ನು ಮೊದಲು ತಟ್ಟೆಯಲ್ಲಿಟ್ಟು, ಕಡುಬಣ್ಣವನ್ನು ಕುಂಚದ ತುದಿಯಲ್ಲಿ ತಂದು ಸೇರಿಸಬೇಕು. ಪ್ರಶ್ಯನ್ ಬ್ಲೂ ಎಷ್ಟು ಪ್ರಬಲವೆಂದರೆ ಹೆಬ್ಬೆರಳಿನ ಉಗುರಗಲದ ಲೆಮನ್ ಯೆಲ್ಲೋವನ್ನು ಹಸಿರು ಮಾಡಲು ಎಳ್ಳುಕಾಳಿನಷ್ಟು ನೀಲಿ ಸಾಕು. ಕ್ರಮ ತಿರುವುಮುರುವಾಗಿ ನೀಲಿಗೆ ಹಳದಿಯನ್ನು ಸುರಿಯುತ್ತ ಹೋದರೆ ಅರ್ಧ ಟ್ಯೂಬು ಖಾಲಿಯಾದರೂ ಎಳೆಹಸಿರು ಬರುವುದಿಲ್ಲ.

ಈಗ ಕಾಗದದ ಮೇಲೆ ಏಳು ಚೌಕಗಳ ಒಂದು ಪಟ್ಟಿ ಎಳೆಯಿರಿ. ಮೊದಲ ಚೌಕದಲ್ಲಿ ಬರಿಯ ಲೆಮನ್ ಯೆಲ್ಲೋ, ಏಳನೆಯದರಲ್ಲಿ ಬರಿಯ ಪ್ರಶ್ಯನ್ ಬ್ಲೂ ಹಚ್ಚಿ, ನಡುವಿನ ಐದರಲ್ಲಿ ನೀಲಿಯನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋಗಿ. ಇದರ ಕೆಳಗೆ ಇನ್ನೊಂದು ಪಟ್ಟಿ ಎಳೆದು ಕ್ರೋಮ್ ಯೆಲ್ಲೋ ಮತ್ತು ಅಲ್ಟ್ರಾಮರೀನಿನಿಂದ ಅದೇ ಅಭ್ಯಾಸ ಮಾಡಿ. ಮೇಲಿನ ಪಟ್ಟಿಯಲ್ಲಿ ಸಸಿಮಡಿಯ ಹಾಗೆ ಕಂಗೊಳಿಸುವ ಹಸಿರು ಬಂದಿರುತ್ತದೆ, ಕೆಳಗಿನದರಲ್ಲಿ ಪಾಚಿಯ ಹಾಗೆ ಮಂಕಾದ ಹಸಿರು. ಎರಡೂ ಹಳದಿ ಮತ್ತು ನೀಲಿಯಿಂದಲೇ ಆದವು.

ಇದರ ಕಾರಣವನ್ನು ತಿಳಿದರೆ ಮುಂದೆ ಯಾವ ಜೋಡಿಯನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಬಣ್ಣದ ದ್ರವ್ಯವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ಹೀರಿಕೊಂಡು ಉಳಿದದ್ದನ್ನು ಮಾತ್ರ ನಮ್ಮ ಕಣ್ಣಿಗೆ ಕಳಿಸುತ್ತದೆ. ಹಳದಿಯು ನೀಲಿ ಮತ್ತು ನೇರಳೆ ಬೆಳಕನ್ನು ಹೀರುತ್ತದೆ, ಪ್ರಶ್ಯನ್ ನೀಲಿಯು ಕೆಂಪು ಮತ್ತು ಕಿತ್ತಳೆ ಬೆಳಕನ್ನು ಹೀರುತ್ತದೆ. ಎರಡೂ ಹೀರದೆ ಬಿಟ್ಟದ್ದು ಹಸಿರು ಬೆಳಕಾದುದರಿಂದ ಮಿಶ್ರಣ ಹಸಿರಾಗಿ ಕಾಣುತ್ತದೆ. ಅಲ್ಟ್ರಾಮರೀನ್ ಹಸಿರು ಬೆಳಕಿನ ಹೆಚ್ಚಿನ ಭಾಗವನ್ನೂ ಹೀರಿಬಿಡುತ್ತದೆ. ಆದ್ದರಿಂದ ಅದರ ಮಿಶ್ರಣದಲ್ಲಿ ಕಣ್ಣಿಗೆ ತಲುಪುವ ಹಸಿರು ಕಡಿಮೆ, ಮಂಕು ಹೆಚ್ಚು. ಸರಳವಾಗಿ ಹೇಳುವುದಾದರೆ, ಒಂದರ ಒಲವು ಇನ್ನೊಂದರ ಕಡೆಗಿದ್ದರೆ ಹೊಳಪು. ಒಲವು ಮೂರನೆಯ ಮೂಲವರ್ಣದ ಕಡೆಗಿದ್ದರೆ ಆ ಮೂರನೆಯದು ಕದ್ದು ಒಳಗೆ ಬಂದಂತೆ, ಹೊಳಪು ಇಳಿಯುತ್ತದೆ.

ಕಿತ್ತಳೆಗೆ ಕ್ರೋಮ್ ಯೆಲ್ಲೋ ಮತ್ತು ವರ್ಮಿಲಿಯನ್ ಸರಿಯಾದ ಜೋಡಿ. ಲೆಮನ್ ಯೆಲ್ಲೋ ಮತ್ತು ಕ್ರಿಮ್ಸನ್ ಬೆರೆಸಿದರೆ ಇಟ್ಟಿಗೆಯ ಕಡೆಗೆ ಸರಿಯುವ ಮಂಕು ಕಿತ್ತಳೆ ಬರುತ್ತದೆ. ಕೊಡವರ ಕುಲದ ಹಿರಿಮನೆಯಾದ ಐನ್‌ಮನೆಯ ಹಳೆಯ ಹೆಂಚಿಗೆ ಅದೇ ಬೇಕು. ಕೊಡಗಿನ ಕಿತ್ತಳೆ ಹಣ್ಣನ್ನೇ ಬರೆಯುವುದಾದರೆ, ಹಣ್ಣಾದ ಮೇಲೂ ಅದರ ಸಿಪ್ಪೆಯಲ್ಲಿ ಅಲ್ಲಲ್ಲಿ ಹಸಿರು ಉಳಿದಿರುವುದನ್ನು ಮರೆಯಬಾರದು: ಮೊದಲು ಲೆಮನ್ ಯೆಲ್ಲೋ ಹಾಸಿ, ಒಣಗಿದ ಮೇಲೆ ಒಂದು ಕಡೆ ಹೊಳಪಿನ ಕಿತ್ತಳೆಯನ್ನೂ ಇನ್ನೊಂದು ಕಡೆ ತೆಳುಹಸಿರನ್ನೂ ಹಚ್ಚಬೇಕು.

ನೇರಳೆಗೆ ಕ್ರಿಮ್ಸನ್ ಮತ್ತು ಅಲ್ಟ್ರಾಮರೀನ್ ಬೇಕು. ಆರಂಭದಲ್ಲಿ ಹೇಳಿದ ಮಗುವಿನ ಮಸುಕು ಕಂದು ಬರುವುದು ವರ್ಮಿಲಿಯನ್ನಿಗೆ ಪ್ರಶ್ಯನ್ ಸೇರಿಸಿದಾಗ. ಅಲ್ಲಿ ಕೆಂಪೂ ನೀಲಿಯೂ ಹಳದಿಯ ಕಡೆಗೇ ಒಲಿದಿರುತ್ತವೆ.

ಮುದ್ರಣಾಲಯದವರು ಮತ್ತು ಪ್ರಿಂಟರ್ ತಯಾರಿಸುವವರು ಕೆಂಪು ಮತ್ತು ನೀಲಿಗೆ ಬದಲಾಗಿ ಮಜೆಂಟಾ ಮತ್ತು ಸಯಾನ್‌ಗಳನ್ನು ಮೂಲವರ್ಣಗಳನ್ನಾಗಿ ಇಟ್ಟುಕೊಳ್ಳುತ್ತಾರೆ. ಮಜೆಂಟಾಕ್ಕೆ ಹಳದಿ ಸೇರಿದರೆ ಕೆಂಪು, ಸಯಾನ್ ಸೇರಿದರೆ ನೀಲಿ ಬರುವುದರಿಂದ, ಹೊಳಪಿನ ನೇರಳೆ ಮತ್ತು ಗುಲಾಬಿಗಳು ಆ ಪದ್ಧತಿಯಲ್ಲಿ ಚೆನ್ನಾಗಿ ಸಿಗುತ್ತವೆ. ಹಾಗಿದ್ದರೂ ಯಾವ ಮೂರು ದ್ರವ್ಯಗಳಿಂದಲೂ ಕಣ್ಣು ಕಾಣುವ ಎಲ್ಲ ಬಣ್ಣಗಳನ್ನು ಮಾಡಲು ಸಾಧ್ಯವಿಲ್ಲ. ನಾವು ಮೂರರ ಬದಲು ಆರನ್ನು ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ.

ಮೂರನೆಯ ಹಂತ: ವಿರುದ್ಧ ವರ್ಣಗಳಿಂದ ಹೊಳಪನ್ನು ತಗ್ಗಿಸುವುದು

ಕೆಂಪಿಗೆ ಹಸಿರು, ಹಳದಿಗೆ ನೇರಳೆ, ನೀಲಿಗೆ ಕಿತ್ತಳೆ ವಿರುದ್ಧ ವರ್ಣಗಳು. ಯಾವುದೇ ಬಣ್ಣಕ್ಕೆ ಅದರ ವಿರುದ್ಧ ವರ್ಣವನ್ನು ಚೂರು ಸೇರಿಸಿದರೆ ಹೊಳಪು ತಗ್ಗುತ್ತದೆ, ಇನ್ನಷ್ಟು ಸೇರಿಸಿದರೆ ಕಂದು ಅಥವಾ ಬೂದು ಆಗುತ್ತದೆ. ನೆರಳನ್ನು ತೋರಿಸಲು ಕಪ್ಪಿಗೆ ಕೈಹಾಕುವ ಅಭ್ಯಾಸವನ್ನು ಬಿಡಿಸುವುದು ಈ ಹಂತದ ಉದ್ದೇಶ. ಹಳದಿಗೆ ಕಪ್ಪು ಬೆರೆಸಿ ನೋಡಿ. ಅದು ಗಾಢವಾದ ಹಳದಿಯಾಗದೆ ಮಾಸಿದ ಹಸಿರಾಗುತ್ತದೆ. ಹುತ್ತರಿಯ ಹೊತ್ತಿಗೆ ಮಾಗಿ ನಿಂತ ಭತ್ತದ ತೆನೆಯ ನೆರಳನ್ನು ಹಾಗೆ ಬರೆದರೆ ಪೈರು ರೋಗ ಬಂದಂತೆ ಕಾಣುತ್ತದೆ. ಅದೇ ಕ್ರೋಮ್ ಯೆಲ್ಲೋವಿಗೆ ಒಂದಿಷ್ಟು ನೇರಳೆಯನ್ನು ಸೇರಿಸಿದರೆ ತೆನೆಯ ಚಿನ್ನದ ಬಣ್ಣವೂ ಉಳಿಯುತ್ತದೆ, ನೆರಳೂ ಬೀಳುತ್ತದೆ.

ತೋಟದ ಹಸಿರುಗಳು

ಇಲ್ಲಿಯವರೆಗಿನ ಅಭ್ಯಾಸ ಫಲಿಸುವುದು ಕಾಫಿ ತೋಟದ ಮುಂದೆ ಕುಳಿತಾಗ. ದೂರದಿಂದ ಒಂದೇ ಹಸಿರಾಗಿ ಕಾಣುವ ತೋಟದಲ್ಲಿ ನೆರಳಿನ ಮರ, ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ, ತಗ್ಗಿನಲ್ಲಿ ಏಲಕ್ಕಿ, ಕಾಂಡದ ಮೇಲೆ ಪಾಚಿ ಹೀಗೆ ಹಸಿರಿನ ಮೇಲೆ ಹಸಿರು ಇರುತ್ತದೆ. ಒಂದೇ ಟ್ಯೂಬಿನ ಹಸಿರಿಗೆ ಬಿಳಿ ಮತ್ತು ಕಪ್ಪು ಸೇರಿಸಿ ಇವನ್ನೆಲ್ಲ ಬರೆದರೆ ಚಿತ್ರ ಚಪ್ಪಟೆಯಾಗುತ್ತದೆ.

ಕಾಫಿಯ ಒಂದು ಬಲಿತ ಎಲೆಯನ್ನು ಕಿತ್ತು ಕೈಯಲ್ಲಿ ಹಿಡಿದು ನೋಡಿ. ಅದರ ಮೈ ಕಡುಹಸಿರು, ಅಂಚು ಅಲೆಯಂತೆ ಬಾಗಿದೆ, ನರಗಳ ನಡುವಿನ ಭಾಗ ಸ್ವಲ್ಪ ಉಬ್ಬಿದೆ. ಆ ಉಬ್ಬಿನ ಮೇಲೆ ಹೊಳೆಯುವ ಬಿಳಿಚು ಪಟ್ಟಿಯನ್ನು ಹೆಚ್ಚಿನವರು ತಿಳಿಹಸಿರಿನಿಂದ ಬರೆಯುತ್ತಾರೆ. ವಾಸ್ತವವಾಗಿ ಅಲ್ಲಿರುವುದು ನುಣುಪಾದ ಎಲೆಯಲ್ಲಿ ಪ್ರತಿಫಲಿಸಿದ ಆಕಾಶ. ಆದ್ದರಿಂದ ಆ ಜಾಗಕ್ಕೆ ಹಳದಿ ಹಾಕಬಾರದು, ಬಹಳ ತೆಳುವಾದ ನೀಲಿಬೂದಿಯನ್ನು ಹಚ್ಚಬೇಕು. ಎಲೆಯನ್ನು ತಿರುಗಿಸಿದರೆ ಬೆನ್ನು ತಿಳಿಯಾಗಿಯೂ ಹೊಳಪಿಲ್ಲದೆಯೂ ಇರುತ್ತದೆ. ಬಿಸಿಲಿಗೆ ಎತ್ತಿ ಹಿಡಿದರೆ ಬೆಳಕು ಎಲೆಯನ್ನು ದಾಟಿ ಬಂದು, ಅದೇ ಎಲೆ ಹಳದಿ ಮಿಶ್ರಿತ ಎಳೆಹಸಿರಾಗಿ ಬೆಳಗುತ್ತದೆ. ಹೀಗೆ ಒಂದು ಎಲೆಗೇ ಮೂರು ಮಿಶ್ರಣಗಳು ಬೇಕು. ಮೈಗೆ ಕ್ರೋಮ್ ಯೆಲ್ಲೋ ಮತ್ತು ಪ್ರಶ್ಯನ್ ಬೆರೆಸಿ, ಅದಕ್ಕೆ ಕ್ರಿಮ್ಸನ್ನಿನ ಒಂದು ಸೋಂಕು ಕೊಟ್ಟು ಗಾಢವಾಗಿಸಬೇಕು. ಬೆನ್ನಿಗೆ ಅದೇ ಮಿಶ್ರಣವನ್ನು ಅಲ್ಟ್ರಾಮರೀನಿನ ಕಡೆಗೆ ಸರಿಸಿ, ನೀರು ಅಥವಾ ಬಿಳಿಯಿಂದ ತಿಳಿಯಾಗಿಸಬೇಕು. ಬೆಳಕು ದಾಟುವ ಎಲೆಗೆ ಲೆಮನ್ ಯೆಲ್ಲೋ ಮತ್ತು ಪ್ರಶ್ಯನ್ ಮಾತ್ರ ಸಾಕು, ಕೆಂಪು ಎಳ್ಳಷ್ಟೂ ಸೇರಕೂಡದು.

ಇದೇ ರೀತಿ ಉಳಿದ ಹಸಿರುಗಳನ್ನೂ ಕಟ್ಟಿಕೊಳ್ಳಬಹುದು. ನಾಟಿಗೆ ಸಿದ್ಧವಾದ ಭತ್ತದ ಸಸಿಗೆ ಲೆಮನ್ ಯೆಲ್ಲೋ ಹೆಚ್ಚು, ಪ್ರಶ್ಯನ್ ಬಹಳ ಕಡಿಮೆ. ನೆರಳಿನ ಮರಗಳ ತಲೆಗೆ ಕ್ರೋಮ್ ಯೆಲ್ಲೋ ಮತ್ತು ಅಲ್ಟ್ರಾಮರೀನಿನ ಮಂಕು ಹಸಿರು. ಮೆಣಸಿನ ಬಳ್ಳಿಯ ಎಲೆಗೆ ಲೆಮನ್, ಪ್ರಶ್ಯನ್ ಮತ್ತು ಚೂರು ವರ್ಮಿಲಿಯನ್. ಸಿಲ್ವರ್ ಓಕ್ ಎಲೆಯ ಕೆಳಮೈಗೆ ಹಸಿರಿಗಿಂತ ಬೂದು ಹೆಚ್ಚಾಗಿರಬೇಕು. ಅಲ್ಟ್ರಾಮರೀನಿಗೆ ಸ್ವಲ್ಪ ಕಿತ್ತಳೆ ಬೆರೆಸಿದ ಬೂದಿಗೆ ಒಂದು ಹನಿ ಹಸಿರನ್ನು ಕೊಟ್ಟರೆ ಅದು ಸಿಗುತ್ತದೆ.

ಕಾಯಿಯಿಂದ ಹಣ್ಣಿನವರೆಗೆ

ಬಣ್ಣ ಬೆರೆಸುವುದನ್ನು ಕಲಿಯಲು ಕಾಫಿ ಗೊಂಚಲಿಗಿಂತ ಒಳ್ಳೆಯ ಪಾಠ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಕೊಯ್ಲಿನ ಹೊತ್ತಿಗೆ ಒಂದೇ ಗೊಂಚಲಿನಲ್ಲಿ ಹಸಿರು ಕಾಯಿ, ಹಳದಿಗೆ ತಿರುಗಿದ ಕಾಯಿ, ಕಿತ್ತಳೆ ಕೆನ್ನೆಯ ದೋರೆ, ಕೆಂಪು ಹಣ್ಣು ಮತ್ತು ಕಪ್ಪಾಗುತ್ತಿರುವ ಬಲಿತ ಹಣ್ಣು ಒಟ್ಟಿಗೆ ಇರುತ್ತವೆ. ಹಸಿರಿಗೆ ಲೆಮನ್ ಮತ್ತು ಪ್ರಶ್ಯನ್, ಹಳದಿಗೆ ಕ್ರೋಮ್ ಮತ್ತು ಆ ಹಸಿರಿನ ಒಂದು ಸೋಂಕು, ಕಿತ್ತಳೆಗೆ ಕ್ರೋಮ್ ಮತ್ತು ವರ್ಮಿಲಿಯನ್, ಹಣ್ಣಿಗೆ ವರ್ಮಿಲಿಯನ್ ಮತ್ತು ಕ್ರಿಮ್ಸನ್, ಮಿತಿಮೀರಿ ಹಣ್ಣಾದುದಕ್ಕೆ ಕ್ರಿಮ್ಸನ್ನಿಗೆ ಚೂರು ಹಸಿರು ಬೆರೆಸಬೇಕು. ಕಣದಲ್ಲಿ ಒಣಗಿದ ಚೆರಿಯ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣಿನ) ಕಪ್ಪುಗಂದು ಬೇಕಾದರೆ ಕೊನೆಯ ಮಿಶ್ರಣಕ್ಕೇ ಇನ್ನಷ್ಟು ಹಸಿರನ್ನು ಸೇರಿಸುತ್ತ ಹೋದರಾಯಿತು.

ಒಂದು ಎಚ್ಚರಿಕೆ ಅಗತ್ಯ. ಅರ್ಧ ಹಸಿರು, ಅರ್ಧ ಕೆಂಪಾಗಿರುವ ಕಾಯಿಯನ್ನು ಬರೆಯುವಾಗ ಎರಡೂ ಬಣ್ಣಗಳನ್ನು ಹಸಿಯಾಗಿಯೇ ತಾಗಿಸಿದರೆ, ವಿರುದ್ಧ ವರ್ಣಗಳಾದುದರಿಂದ ಗಡಿಯಲ್ಲಿ ಕಂದು ಕಲೆ ಏಳುತ್ತದೆ. ಇಡೀ ಕಾಯಿಗೆ ಮೊದಲು ಹಳದಿಯನ್ನು ಹಾಸಿ, ಒಣಗಿದ ಮೇಲೆ ಒಂದು ತುದಿಯಿಂದ ಹಸಿರನ್ನೂ ಇನ್ನೊಂದು ತುದಿಯಿಂದ ಕೆಂಪನ್ನೂ ತಂದು, ನಡುವೆ ಹಳದಿಯ ಸಣ್ಣ ಪಟ್ಟಿಯನ್ನು ಹಾಗೆಯೇ ಬಿಡಬೇಕು. ಹಣ್ಣು ಗಿಡದಲ್ಲಿ ಬಣ್ಣ ತಿರುಗುವುದೂ ಹಳದಿಯ ಮೂಲಕವೇ ಆದುದರಿಂದ ಚಿತ್ರ ಸಹಜವಾಗಿ ಕಾಣುತ್ತದೆ.

ಕುಪ್ಯದ ಕಪ್ಪು, ಚೇಲೆಯ ಕೆಂಪು

ಕೊಡವ ಗಂಡಸರ ಕಪ್ಪು ನಿಲುವಂಗಿಯಾದ ಕುಪ್ಯವನ್ನು ಟ್ಯೂಬಿನ ಕಪ್ಪಿನಿಂದ ತುಂಬಿಸಿದರೆ ಬಟ್ಟೆಯ ಮಡಿಕೆಗಳು ಮಾಯವಾಗಿ, ಕಾಗದಕ್ಕೆ ತೂತು ಬಿದ್ದಂತಾಗುತ್ತದೆ. ಪ್ರಶ್ಯನ್ ಮತ್ತು ಕ್ರಿಮ್ಸನ್‌ಗಳನ್ನು ದಟ್ಟವಾಗಿ ಬೆರೆಸಿ, ಮಿಶ್ರಣದ ನೇರಳೆತನ ಹೋಗುವವರೆಗೆ ಕ್ರೋಮ್ ಯೆಲ್ಲೋವನ್ನು ಸ್ವಲ್ಪಸ್ವಲ್ಪ ಸೇರಿಸಿದರೆ ಜೀವವಿರುವ ಕಪ್ಪು ದೊರೆಯುತ್ತದೆ. ಬೆಳಕು ಬೀಳುವ ಮಡಿಕೆಯಲ್ಲಿ ಅದನ್ನು ನೀಲಿಯ ಕಡೆಗೂ ಒಳಮಡಿಕೆಯಲ್ಲಿ ಕೆಂಪಿನ ಕಡೆಗೂ ಸರಿಸಬಹುದು. ಪೆಟ್ಟಿಗೆಯಲ್ಲಿ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಇದ್ದವರಿಗೆ ಅಲ್ಟ್ರಾಮರೀನ್ ಜೊತೆ ಅದನ್ನು ಬೆರೆಸುವುದು ಇನ್ನೂ ಸುಲಭದ ದಾರಿ. ಸೊಂಟಕ್ಕೆ ಸುತ್ತಿದ ರೇಷ್ಮೆಯ ಚೇಲೆಗೆ ಕ್ರಿಮ್ಸನ್ ಮತ್ತು ವರ್ಮಿಲಿಯನ್ ಸೇರಿಸಿ, ಅದರ ನೆರಳಿಗೆ ಚೂರು ಹಸಿರು ಕೊಡಬೇಕು.

ಕುಪ್ಯದ ಪಕ್ಕದಲ್ಲಿ ಹಚ್ಚಿದ ಕೆಂಪು, ಪ್ಯಾಲೆಟ್ಟಿನ ಮೇಲೆ ಕಂಡದ್ದಕ್ಕಿಂತ ಹೆಚ್ಚು ಹೊಳೆಯುತ್ತದೆ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕರಾಗಿದ್ದ ರಸಾಯನಶಾಸ್ತ್ರಜ್ಞ ಷೆವ್ರೊಲ್, ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲವೆಂಬ ದೂರನ್ನು ಪರೀಕ್ಷಿಸುತ್ತ, ದೋಷವಿರುವುದು ಬಣ್ಣದಲ್ಲಲ್ಲ, ನೂಲಿನ ಪಕ್ಕದಲ್ಲಿದ್ದ ಇತರ ಬಣ್ಣಗಳ ಪ್ರಭಾವದಲ್ಲಿ ಎಂದು ಕಂಡುಕೊಂಡು, 1839ರಲ್ಲಿ ಅದನ್ನು ವಿಸ್ತಾರವಾಗಿ ಪ್ರಕಟಿಸಿದರು. ಆದಕಾರಣ ಬೆರೆಸಿದ ಬಣ್ಣವನ್ನು ಬಿಳಿ ತಟ್ಟೆಯಲ್ಲಿ ನೋಡಿ ಒಪ್ಪಿಕೊಳ್ಳದೆ, ಒಂದು ಕಾಗದದ ಚೂರಿಗೆ ಹಚ್ಚಿ, ಒಣಗಿಸಿ, ಚಿತ್ರದಲ್ಲಿ ಅದು ಬರಬೇಕಾದ ಜಾಗದ ಪಕ್ಕದಲ್ಲಿಟ್ಟು ನೋಡಬೇಕು. ಒಣಗಿಸುವುದು ಕಡ್ಡಾಯ: ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ, ಅಕ್ರಿಲಿಕ್ ಸ್ವಲ್ಪ ಗಾಢವಾಗುತ್ತದೆ.

ಮಂಜು ಮತ್ತು ದೂರದ ಬೆಟ್ಟ

ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಹತ್ತಿರದ ಬೆಟ್ಟ ಹಸಿರಾಗಿಯೂ ಅದರಾಚೆಯದು ನೀಲಿ ಬೆರೆತ ಹಸಿರಾಗಿಯೂ ಕೊನೆಯದು ತೆಳುನೀಲಿಯಾಗಿಯೂ ಕಾಣುತ್ತದೆ. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುದೇ ಇದಕ್ಕೆ ಕಾರಣ. ಕೊನೆಯ ಬೆಟ್ಟಕ್ಕೆ ಅಲ್ಟ್ರಾಮರೀನಿನಲ್ಲಿ ಕ್ರಿಮ್ಸನ್ನಿನ ಸೋಂಕು ಕೊಟ್ಟು ಹೇರಳವಾಗಿ ನೀರು ಸೇರಿಸಿ. ಪ್ರತಿ ಸಾಲು ಹತ್ತಿರ ಬಂದಂತೆ ಹಳದಿಯನ್ನು ಹೆಚ್ಚಿಸಿ, ನೀರನ್ನು ಕಡಿಮೆ ಮಾಡಿ. ಮಂಜಿಗೆ ಬರಿಯ ಬಿಳಿಯನ್ನು ಬಳಿದರೆ ಸುಣ್ಣ ಬಳಿದಂತಾಗುತ್ತದೆ. ನೀಲಿಗೆ ಕಿತ್ತಳೆ ಸೇರಿಸಿ ಮಾಡಿದ ಬೂದಿಯನ್ನು ಅತ್ಯಂತ ತೆಳುವಾಗಿಸಿ, ಕಾಗದ ಒದ್ದೆಯಿರುವಾಗಲೇ ಬೆಟ್ಟದ ಬುಡದ ಅಂಚನ್ನು ಅದರಲ್ಲಿ ಕರಗಿಸಬೇಕು.

ಬೆಳಕಿನ ಬೆರಕೆ ಬೇರೆ

ಮಡಿಕೇರಿ ದಸರೆಯ ಮಂಟಪಗಳಲ್ಲಿ ಕೆಂಪು ದೀಪ ಮತ್ತು ಹಸಿರು ದೀಪ ಒಂದೇ ಜಾಗಕ್ಕೆ ಬಿದ್ದಾಗ ಹಳದಿ ಕಾಣುವುದನ್ನು ನೋಡಿದ ಮಕ್ಕಳು ಮೇಲಿನ ಪಾಠವನ್ನೆಲ್ಲ ಪ್ರಶ್ನಿಸಿದರೆ ಅದು ನ್ಯಾಯವಾದ ಪ್ರಶ್ನೆ. ಬಣ್ಣದ ದ್ರವ್ಯಗಳನ್ನು ಬೆರೆಸಿದಾಗ ಬೆಳಕು ಕಡಿಮೆಯಾಗುತ್ತದೆ, ದೀಪಗಳನ್ನು ಬೆರೆಸಿದಾಗ ಬೆಳಕು ಕೂಡುತ್ತದೆ. ಅದರಿಂದ ಬೆಳಕಿನ ಮೂಲವರ್ಣಗಳು ಕೆಂಪು, ಹಸಿರು, ನೀಲಿ; ಮೂರೂ ಸೇರಿದರೆ ಬಿಳಿ. 1861ರಲ್ಲಿ ಭೌತಶಾಸ್ತ್ರಜ್ಞ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಈ ಮೂರು ಬಣ್ಣದ ಬೆಳಕುಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಬಿಟ್ಟು ಬಣ್ಣದ ಛಾಯಾಚಿತ್ರವನ್ನು ತೋರಿಸಿದರು. ಮೊಬೈಲಿನ ಪರದೆಯೂ ಇದೇ ತತ್ತ್ವದಲ್ಲಿ ಕೆಲಸ ಮಾಡುತ್ತದೆ.

ಅರಿಸಿನಕ್ಕೆ ಸುಣ್ಣ ಸೇರಿಸಿದಾಗ ಓಕುಳಿಯ ಕೆಂಪು ಬರುವುದು ಈ ಎರಡೂ ಬಗೆಗೆ ಸೇರುವುದಿಲ್ಲ. ಅರಿಸಿನದೊಳಗಿನ ಕರ್ಕ್ಯುಮಿನ್ ಕ್ಷಾರದೊಡನೆ ವರ್ತಿಸಿ ಕೆಂಪಾಗುವುದು ರಾಸಾಯನಿಕ ಬದಲಾವಣೆ. ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಮಕ್ಕಳಿಗೆ ಇದನ್ನು ಮಾಡಿ ತೋರಿಸಿ, ಪ್ಯಾಲೆಟ್ಟಿನ ಬೆರಕೆಯಲ್ಲಿ ಹೀಗಾಗುವುದಿಲ್ಲವೆಂಬುದನ್ನೂ ಜೊತೆಯಲ್ಲಿಯೇ ತಿಳಿಸಬೇಕು.

ಪಟ್ಟಿಗಳನ್ನು ಕಾಪಾಡುವುದು

ಮಾಡಿದ ಪಟ್ಟಿಗಳಲ್ಲಿ ಪ್ರತಿ ಚೌಕದ ಕೆಳಗೂ ಯಾವ ಬಣ್ಣ, ಯಾವ ತಯಾರಕರದು, ಸುಮಾರು ಯಾವ ಪ್ರಮಾಣ ಎಂಬುದನ್ನು ಬರೆದಿಡಿ. ಬೇರೆ ತಯಾರಕರ ಟ್ಯೂಬು ಕೊಂಡಾಗ ಪಟ್ಟಿಯನ್ನು ಹೊಸದಾಗಿ ಮಾಡಬೇಕು, ಏಕೆಂದರೆ ಒಂದೇ ಹೆಸರಿನ ಬಣ್ಣಗಳ ಬಲ ಒಂದೇ ಆಗಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸಿ ಪಟ್ಟಿಗಳನ್ನು ಒಂದರ ಮೇಲೊಂದು ಇಡಬಾರದು. ಮೇಲೆ ಒಣಗಿದಂತೆ ಕಂಡರೂ ಕಾಗದದೊಳಗೆ ತೇವವಿದ್ದು ಬೂಷ್ಟು ಹಿಡಿಯುತ್ತದೆ. ಒಂದು ರಾತ್ರಿ ಒಲೆಯಿರುವ ಕೋಣೆಯಲ್ಲಿ, ಬೆಂಕಿಯಿಂದ ದೂರದಲ್ಲಿ ಹರಡಿಟ್ಟು, ನಡುವೆ ಬಿಳಿ ಕಾಗದ ಕೊಟ್ಟು, ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣದೊಂದಿಗೆ ಮುಚ್ಚಳವಿರುವ ಡಬ್ಬಿಯಲ್ಲಿಡಿ. ತೊಳೆದ ಕುಂಚಗಳನ್ನು ಮಾತ್ರ ಆ ಡಬ್ಬಿಗೆ ಹಾಕದೆ, ಪೂರ್ತಿ ಒಣಗುವವರೆಗೆ ಗಾಳಿಯಾಡುವ ಕಡೆ ಮಲಗಿಸಿಡಬೇಕು. ಒದ್ದೆ ಕುಂಚವನ್ನು ಕೂದಲು ಮೇಲಾಗಿ ನಿಲ್ಲಿಸಿದರೆ ನೀರು ಹಿಡಿಕೆಯೊಳಗೆ ಇಳಿದು ಮರ ಉಬ್ಬುತ್ತದೆ, ಕೂದಲು ಸಡಿಲವಾಗುತ್ತದೆ.